ವಲಸೆ ಬಂದವರನ್ನು ಎಣಿಸಬೇಕಾ, ಬೇಡವಾ? ಜನಗಣತಿಯ ಐದು ದಾರಿಗಳು, ಸಿಂಧನೂರು ಕಡೆಯಿಂದ ನೋಡಿದರೆ

2027ರ ಜನಗಣತಿಯ ಲೆಕ್ಕ ನಿಲ್ಲುವುದು ಮಾರ್ಚ್ 1ರ ನಡುರಾತ್ರಿಗೆ. ಮನೆ ಮನೆ ಎಣಿಕೆ ಅದಕ್ಕೂ ಮುಂಚೆ, ಫೆಬ್ರವರಿಯಲ್ಲಿ. ನಮ್ಮ ಕಡೆ ಫೆಬ್ರವರಿ ಅಂದರೆ ಗುಳೆಯ ಕಾಲ. ದೇವದುರ್ಗ, ಮಸ್ಕಿ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ. ಗಂಡ ಹೆಂಡತಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ, ಊರಲ್ಲಿ ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು. ಅದೇ ತಿಂಗಳು ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ಶೆಡ್ಡುಗಳಲ್ಲಿ ಬಿಹಾರದ ಹುಡುಗರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ, ಗಿಣಿಗೇರಾದ ಸುತ್ತ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದವರು ತುಂಬಿದ ಬಾಡಿಗೆ ರೂಮುಗಳು.

ಹೊರಗಿನಿಂದ ಬಂದವರನ್ನು ದೇಶದ ಲೆಕ್ಕದಲ್ಲಿ ಸೇರಿಸಬೇಕೋ ಬೇಡವೋ ಎಂಬ ಜಗಳ ಅಮೆರಿಕದಲ್ಲಿ ಜೋರಾಗಿ ನಡೆಯುತ್ತಿದೆ. ಅದರ ಪ್ರತಿಧ್ವನಿ ನಮ್ಮ ಚಹಾದಂಗಡಿಗೂ ಬಂದಿದೆ. 'ಅಲ್ಲಿ ಮಾಡ್ತಾರಂತೆ, ಇಲ್ಲೂ ಮಾಡಬೇಕು' ಎನ್ನುವವರು ಒಂದು ಕಡೆ. 'ಎಣಿಸಿದ ಮೇಲೆ ಓಡಿಸ್ತಾರಂತೆ' ಎಂದು ಹೆದರುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ಚೀಲದಲ್ಲಿ ಮೂರ್ನಾಲ್ಕು ಬೇರೆ ಬೇರೆ ವಿಷಯ ತುಂಬಿ ಮಾತಾಡುತ್ತಾರೆ. ಅದನ್ನು ಬಿಡಿಸಿ, ಯಾವ ದಾರಿ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಹೋಲಿಸಿ ನೋಡೋಣ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ.

ಎಣಿಕೆಯ ಮೇಲೆ ಏನೇನು ನಿಂತಿದೆ

ಮೊದಲನೆಯದು ಸೀಟು. ಸಂವಿಧಾನದ 81ನೇ ವಿಧಿಯ ಪ್ರಕಾರ ಲೋಕಸಭೆ ಸೀಟು ಹಂಚುವುದು ಜನಸಂಖ್ಯೆ ನೋಡಿ. ಮತದಾರರ ಸಂಖ್ಯೆ ನೋಡಿ ಹಂಚುವುದಿಲ್ಲ, ನಾಗರಿಕರ ಸಂಖ್ಯೆ ನೋಡಿಯೂ ಹಂಚುವುದಿಲ್ಲ. ರಾಜ್ಯಗಳ ನಡುವಿನ ಹಂಚಿಕೆ ಮಾತ್ರ 1971ರ ಗಣತಿಗೇ ನಿಂತುಬಿಟ್ಟಿದೆ. 1976ರ 42ನೇ ತಿದ್ದುಪಡಿ ಅದನ್ನು ತಡೆಹಿಡಿಯಿತು. ಆಮೇಲೆ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿ ಬರುವ ತನಕ ಮುಂದಕ್ಕೆ ಹಾಕಿತು. ಅಂದರೆ ಈಗ ಬರುತ್ತಿರುವ ಗಣತಿ ಸುಮ್ನೆ ಒಂದು ಲೆಕ್ಕ ಅಲ್ಲ. ದಕ್ಷಿಣದ ರಾಜ್ಯಗಳು ತಲೆಕೆಡಿಸಿಕೊಂಡಿರುವುದು ಇದಕ್ಕೇ.

ಎರಡನೆಯದು ದುಡ್ಡು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ನಿರ್ಧರಿಸುವಾಗ 15ನೇ ಹಣಕಾಸು ಆಯೋಗ ಜನಸಂಖ್ಯೆಗೆ ಶೇ 15ರಷ್ಟು ತೂಕ ಕೊಟ್ಟಿತ್ತು. ಲೆಕ್ಕ 2011ರ ಗಣತಿಯದು.

ಮೂರನೆಯದು ಅಕ್ಕಿ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಹಳ್ಳಿಯ ಶೇ 75, ಪಟ್ಟಣದ ಶೇ 50ರಷ್ಟು ಜನರಿಗೆ ರೇಷನ್ ಎಂದಿದೆ. ಯಾವ ಜನಸಂಖ್ಯೆಯಲ್ಲಿ ಅಷ್ಟು? 2011ರದ್ದೇ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಆಗ ಹುಟ್ಟಿದ ಕೂಸು ಶಾಲೆಗೆ ಹೋಗುತ್ತಿದೆ. ಕೇಂದ್ರದ ಕೋಟಾ ಲೆಕ್ಕಕ್ಕೆ ಅದು ಇನ್ನೂ ಹುಟ್ಟಿಲ್ಲ.

ಇವು ಮೂರೂ ತಲೆ ಎಣಿಸಿ ಹಂಚುವಂಥವು. ಯಾರು ಓಟು ಹಾಕಬೇಕು, ಯಾರು ಈ ದೇಶದವರು ಎಂಬುದು ಬೇರೆ ಪುಸ್ತಕದ ವಿಷಯ. ಮತದಾರರ ಪಟ್ಟಿ ಬೇರೆ, ಪೌರತ್ವದ ದಾಖಲೆ ಬೇರೆ, ಜನಗಣತಿ ಬೇರೆ. ಮುಂದಿನ ಹೋಲಿಕೆ ಪೂರ್ತಿ ಈ ಗೆರೆಯ ಮೇಲೆಯೇ ನಡೆಯುತ್ತದೆ.

ದಾರಿ 1: ಇದ್ದವರನ್ನೆಲ್ಲ, ಇದ್ದಲ್ಲೇ ಎಣಿಸುವುದು

ಬ್ರಿಟಿಷರ ಕಾಲದ ಖಾನೇಶುಮಾರಿ ಹೀಗೇ ಇತ್ತು. 1931ರ ತನಕ ಒಂದೇ ರಾತ್ರಿಯಲ್ಲಿ ದೇಶ ಪೂರ್ತಿ ಎಣಿಸುತ್ತಿದ್ದರು. ಆ ರಾತ್ರಿ ನೀವು ಎಲ್ಲಿದ್ದೀರೋ ಅಲ್ಲಿಯ ಲೆಕ್ಕ. ಈಗ ಒಂದು ರಾತ್ರಿ ಹೋಗಿ ಸುಮಾರು ಮೂರು ವಾರ ಆಗಿದೆ. 2011ರಲ್ಲಿ ಫೆಬ್ರವರಿ 9ರಿಂದ 28ರ ತನಕ ನಡೆಯಿತು. ಮಾರ್ಚ್ ಮೊದಲ ವಾರ ಮತ್ತೆ ಒಂದು ಸುತ್ತು ಬಂದು ಹುಟ್ಟು ಸಾವು ತಿದ್ದಿಕೊಂಡರು.

ಆ ಗಣತಿಯ ನಿಯಮ ಸರಳ. ಎಣಿಕೆಯ ಅವಧಿಯಲ್ಲಿ ಒಂದಷ್ಟು ದಿನವಾದರೂ ನಿಮ್ಮ ಮಾಮೂಲಿ ಮನೆಯಲ್ಲಿ ಇದ್ದರೆ ಅಲ್ಲೇ ಎಣಿಕೆ. ಇಡೀ ಅವಧಿ ಹೊರಗಿದ್ದರೆ, ಆಗ ಎಲ್ಲಿ ಇದ್ದೀರೋ ಅಲ್ಲಿ. ಮನೆಯೇ ಇಲ್ಲದವರನ್ನು ಫೆಬ್ರವರಿ 28ರ ರಾತ್ರಿ ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ರಸ್ತೆ ಬದಿ ಸುತ್ತಿ ಎಣಿಸುತ್ತಾರೆ. ನೀನು ಯಾವ ದೇಶದ ನಾಗರಿಕ, ಕಾಗದ ತೋರಿಸು ಎನ್ನುವುದು ಇದರಲ್ಲಿ ಇಲ್ಲ. ಎಲ್ಲಿ ಹುಟ್ಟಿದೆ, ಇದಕ್ಕೂ ಮುಂಚೆ ಎಲ್ಲಿದ್ದೆ, ಯಾಕೆ ಬಂದೆ, ಬಂದು ಎಷ್ಟು ಕಾಲ ಆಯಿತು ಎಂದು ಮಾತ್ರ ಕೇಳುತ್ತಾರೆ. ವಲಸೆಯ ಬಗ್ಗೆ ನಮಗೆ ಗೊತ್ತಿರುವ ದೊಡ್ಡ ಲೆಕ್ಕವೆಲ್ಲ ಬಂದಿರುವುದು ಈ ನಾಲ್ಕು ಪ್ರಶ್ನೆಯಿಂದಲೇ. 2011ರಲ್ಲಿ ಹೀಗೆ ಊರು ಬದಲಿಸಿದವರು ದೇಶದಲ್ಲಿ 45 ಕೋಟಿ ಮೀರಿದ್ದರು. ಹೆಂಗಸರೇ ಜಾಸ್ತಿ, ಮದುವೆಯಾಗಿ ಗಂಡನ ಊರಿಗೆ ಹೋದವರು. 'ವಲಸಿಗರು' ಅಂದ ಕೂಡಲೆ ನಮ್ಮ ಕಣ್ಣಿಗೆ ಬರುವ ಚಿತ್ರದಲ್ಲಿ ಅತ್ತಿಗೆ ನಾದಿನಿಯರು ಇರುವುದಿಲ್ಲ, ಅಲ್ವಾ?

ಈ ದಾರಿಯ ಬಲ ಅಂದರೆ ಸತ್ಯಕ್ಕೆ ಹತ್ತಿರ. ನೀರು ಕುಡಿಯುವವನು, ಆಸ್ಪತ್ರೆಗೆ ಹೋಗುವವನು, ಚರಂಡಿ ತುಂಬಿಸುವವನು ಎಲ್ಲಿದ್ದಾನೋ ಅಲ್ಲಿಯ ಲೆಕ್ಕ ಸಿಗುತ್ತದೆ. ನಮ್ಮ ಜಿಲ್ಲೆಗಳಿಗೆ ದೌರ್ಬಲ್ಯವೂ ಇಲ್ಲೇ ಇದೆ. ಗುಳೆ ಹೋದ ಕುಟುಂಬ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ಸೇರಿದರೆ ಪರವಾಗಿಲ್ಲ. ಕಟ್ಟಡದ ಹಿಂದಿನ ತಗಡಿನ ಶೆಡ್ಡಿಗೆ ಗಣತಿದಾರರು ಹೋಗದಿದ್ದರೆ ಅವರು ಎಲ್ಲಿಯೂ ಸೇರುವುದಿಲ್ಲ. ಹಿಂದುಳಿದ ತಾಲೂಕು ಯಾವುದು ಎಂದು ಅಳೆಯಲು ನಂಜುಂಡಪ್ಪ ಸಮಿತಿಯಂಥವು ತಲಾ ಲೆಕ್ಕ ಹಾಕುತ್ತವೆ. ಅಲ್ಲಿ ಕೆಳಗಿನ ಸಂಖ್ಯೆ ತಪ್ಪಿದರೆ ಮೇಲಿನದೆಲ್ಲ ತಪ್ಪು. ಲೆಕ್ಕ ತಪ್ಪಿದ ಜನರನ್ನು ಬಿಟ್ಟು ಭಾಗಿಸಿದರೆ ತಲೆಗೆ ಸಿಗುವ ಆಸ್ಪತ್ರೆ ಹಾಸಿಗೆ ಜಾಸ್ತಿ ಕಾಣುತ್ತದೆ.

ದಾರಿ 2: ಎಲ್ಲರನ್ನೂ, ಆದರೆ ಖಾಯಂ ಊರಿನಲ್ಲಿ

ಅಮೆರಿಕ ಹೆಚ್ಚುಕಮ್ಮಿ ಈ ದಾರಿಯಲ್ಲಿದೆ. ಏಪ್ರಿಲ್ 1ಕ್ಕೆ ನೀವು ಮಾಮೂಲಾಗಿ ಎಲ್ಲಿ ಇದ್ದು ಮಲಗುತ್ತೀರೋ ಅಲ್ಲಿಯ ಲೆಕ್ಕ. ನಮ್ಮಲ್ಲಿ ರಾಷ್ಟ್ರೀಯ ಜನಸಂಖ್ಯಾ ನೋಂದಣಿ, ಅಂದರೆ ಎನ್‌ಪಿಆರ್, ಇಂಥ ಅಳತೆ ಇಟ್ಟುಕೊಂಡಿದೆ: ಆರು ತಿಂಗಳಿಂದ ಇಲ್ಲಿದ್ದವರು, ಇಲ್ಲವೇ ಇನ್ನು ಆರು ತಿಂಗಳು ಇಲ್ಲೇ ಇರಬೇಕೆಂದಿರುವವರು.

ರಾಯಚೂರಿನ ಊರಿನವನಿಗೆ ಇದು ಮೊದಲ ನೋಟಕ್ಕೆ ಹಿಡಿಸುತ್ತದೆ. ಗುಳೆ ಹೋದವನು ಊರಿನ ಲೆಕ್ಕದಲ್ಲೇ ಉಳಿಯುತ್ತಾನೆ. ಆದರೆ ಆರು ತಿಂಗಳ ಗೆರೆ ನಮ್ಮ ಬದುಕಿಗೆ ಹೊಂದುವುದಿಲ್ಲ. ಸುಗ್ಗಿ ಮುಗಿಸಿ ಹೊರಟವನು ಮುಂಗಾರಿಗೆ ವಾಪಸ್. ಒಂದು ವರ್ಷ ನಾಲ್ಕು ತಿಂಗಳು, ಮಳೆ ಕೈಕೊಟ್ಟ ವರ್ಷ ಎಂಟು ತಿಂಗಳು. ಅವನಿಗೇ ಗೊತ್ತಿಲ್ಲದ್ದನ್ನು ಫಾರಂನಲ್ಲಿ ಏನೆಂದು ಬರೆಯುವುದು? ಮಿಲ್ಲಿನ ಬಿಹಾರಿ ಹುಡುಗನದೂ ಅದೇ ಕಥೆ. ಛಟ್ ಹಬ್ಬಕ್ಕೆ ಹೋದವನು ಯಾವಾಗ ಬರುತ್ತಾನೆ ಎಂದು ಮೇಸ್ತ್ರಿಗೂ ಗೊತ್ತಿರುವುದಿಲ್ಲ.

ದಾರಿ 3: ಎಲ್ಲರನ್ನೂ ಎಣಿಸಿ, ಜೊತೆಗೆ 'ನೀವು ಈ ದೇಶದ ನಾಗರಿಕರಾ?' ಎಂದು ಕೇಳುವುದು

ನಿಜವಾದ ಜಗಳ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡಬೇಕು.

ಅಮೆರಿಕದಲ್ಲಿ 2018ರ ಮಾರ್ಚ್‌ನಲ್ಲಿ ವಾಣಿಜ್ಯ ಸಚಿವ ವಿಲ್ಬರ್ ರಾಸ್, 2020ರ ಗಣತಿಯಲ್ಲಿ ಪೌರತ್ವದ ಪ್ರಶ್ನೆ ಹಾಕುತ್ತೇವೆ ಎಂದರು. ಅಲ್ಪಸಂಖ್ಯಾತರ ಮತದಾನದ ಹಕ್ಕಿನ ಕಾಯ್ದೆ ಜಾರಿಗೆ ಈ ಮಾಹಿತಿ ಬೇಕು ಎಂಬುದು ಅವರು ಕೊಟ್ಟ ಕಾರಣ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜೂನ್ 27ರಂದು 5-4ರ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಸರ್ಕಾರ ಕೊಟ್ಟ ಕಾರಣ ಕಟ್ಟಿ ತಂದದ್ದು ಎಂಬರ್ಥದಲ್ಲಿ ಬರೆದರು. ಗಮನಿಸಿ, ಪ್ರಶ್ನೆ ಕೇಳುವುದೇ ಸಂವಿಧಾನ ವಿರೋಧಿ ಎಂದು ಕೋರ್ಟು ಹೇಳಲಿಲ್ಲ. ಕೇಳಲು ಹೇಳಿದ ಕಾರಣ ಸುಳ್ಳು ಎಂದಿತು. ಈ ಸಣ್ಣ ವ್ಯತ್ಯಾಸವನ್ನು ಎರಡೂ ಕಡೆಯವರು ಮರೆತು ಮಾತಾಡುತ್ತಾರೆ.

ಪ್ರಶ್ನೆಯಿಂದ ಏನು ಹಾಳಾಗುತ್ತದೆ? ಅಲ್ಲಿನ ಗಣತಿ ಇಲಾಖೆಯ ತಜ್ಞರೇ ಲೆಕ್ಕ ಹಾಕಿದ್ದರು. ನಾಗರಿಕರಲ್ಲದವರು ಇರುವ ಮನೆಗಳು ತಾವಾಗಿ ಫಾರಂ ತುಂಬಿ ಕಳಿಸುವುದು ಕಮ್ಮಿ ಆಗಬಹುದು ಎಂದರು. ಅದನ್ನು ಹಿಡಿದು ಕೋರ್ಟಿನ ಮುಂದೆ ಬಂದ ಅಂದಾಜು ಸುಮಾರು 65 ಲಕ್ಷ ಜನ ಲೆಕ್ಕ ತಪ್ಪುವುದು. 65 ಲಕ್ಷ ಅಂದರೆ 2011ರ ಲೆಕ್ಕದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಸೇರಿದರೂ ಮುಟ್ಟದ ಸಂಖ್ಯೆ. ನ್ಯಾಯವಾಗಿ ಹೇಳಬೇಕೆಂದರೆ, 2019ರಲ್ಲಿ ಪ್ರಾಯೋಗಿಕವಾಗಿ ಪ್ರಶ್ನೆ ಹಾಕಿ ನೋಡಿದಾಗ ದೇಶದ ಒಟ್ಟು ಸರಾಸರಿಯಲ್ಲಿ ಅಷ್ಟೇನೂ ಇಳಿತ ಕಾಣಲಿಲ್ಲ. ವಲಸಿಗರು ಜಾಸ್ತಿ ಇರುವ ಕಡೆಗಳಲ್ಲಿ ಮಾತ್ರ ಕಂಡಿತು. ಆಸ್ಟ್ರೇಲಿಯಾ ತನ್ನ ಗಣತಿಯಲ್ಲಿ ಪೌರತ್ವ ಕೇಳುತ್ತದೆ. ಕೆನಡಾ ತನ್ನ ಉದ್ದನೆಯ ಫಾರಂನಲ್ಲಿ ಕೇಳುತ್ತದೆ. ಅಲ್ಲಿ ಇಷ್ಟು ರಾದ್ಧಾಂತ ಆಗಿಲ್ಲ. ಆದ್ದರಿಂದ ಪ್ರಶ್ನೆಯೇ ವಿಷ ಎಂದು ನಾನು ಹೇಳುವುದಿಲ್ಲ. ಕೇಳುವವರ ಕೈಯಲ್ಲಿ ಇನ್ನೊಂದು ಪಟ್ಟಿ ಇದೆಯೇ ಎಂಬ ಅನುಮಾನವೇ ವಿಷ.

ಆ ಅನುಮಾನಕ್ಕೆ ಆಧಾರವೂ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅಮೆರಿಕ ತನ್ನ ಗಣತಿಯ ಗುಟ್ಟು ಕಾಯುವ ನಿಯಮವನ್ನೇ ಸಡಿಲ ಮಾಡಿತು. ಜಪಾನಿ ಮೂಲದವರನ್ನು ಹಿಡಿದು ಶಿಬಿರಗಳಿಗೆ ಕಳಿಸಲು 1940ರ ಗಣತಿಯ ಲೆಕ್ಕ ನೆರವಾಯಿತು. ನಮ್ಮಲ್ಲಿ 1951ರ ಗಣತಿಯ ಚೀಟಿಗಳನ್ನೇ ನಕಲು ಮಾಡಿ ಅಸ್ಸಾಮಿನ ಮೊದಲ ಪೌರರ ಪಟ್ಟಿ ಮಾಡಿದರು. ಅದೇ ಪಟ್ಟಿಯನ್ನು ತಿದ್ದಿ ಬೆಳೆಸಿದ್ದು 2019ರ ಆಗಸ್ಟ್ 31ರಂದು ಪ್ರಕಟವಾದ ಎನ್‌ಆರ್‌ಸಿ. ಅದರಿಂದ 19 ಲಕ್ಷಕ್ಕೂ ಜಾಸ್ತಿ ಜನ ಹೊರಗುಳಿದರು.

ಹಾಗಾದರೆ ನಮ್ಮ ಈಗಿನ ಗಣತಿ? ಅದು ನಡೆಯುವುದು 1948ರ ಜನಗಣತಿ ಕಾಯ್ದೆಯಡಿ. ಅದರ 15ನೇ ಕಲಂ ಪ್ರಕಾರ ಗಣತಿದಾರರು ಬರೆದುಕೊಂಡದ್ದನ್ನು ನೋಡಲು ಯಾರಿಗೂ ಹಕ್ಕಿಲ್ಲ. ಕೋರ್ಟಿನಲ್ಲಿ ಅದು ಸಾಕ್ಷಿಯೂ ಆಗುವುದಿಲ್ಲ. ಎನ್‌ಪಿಆರ್ ಬರುವುದು ಬೇರೆ ಕಡೆಯಿಂದ, 1955ರ ಪೌರತ್ವ ಕಾಯ್ದೆ ಮತ್ತು ಅದರ 2003ರ ನಿಯಮಗಳಿಂದ. 2010ರಲ್ಲಿ ಎರಡನ್ನೂ ಒಬ್ಬರೇ ಮೇಷ್ಟ್ರು, ಒಂದೇ ಸಲ ಬಂದು ಬರೆದುಕೊಂಡು ಹೋದರು. ಬಾಗಿಲು ತೆರೆದವರಿಗೆ ಎರಡು ಕಾಯ್ದೆಯ ವ್ಯತ್ಯಾಸ ಕಾಣುತ್ತದೆಯೇ? ಕಾಣುವುದಿಲ್ಲ. 2019ರ ಕೊನೆಗೆ ಸಿಎಎ, ಅಂದರೆ ಪೌರತ್ವ ತಿದ್ದುಪಡಿ ಕಾಯ್ದೆಯ ಗದ್ದಲದ ಹೊತ್ತಿನಲ್ಲಿ ದೇಶದ ಎಷ್ಟೋ ಕಡೆ 'ಯಾವ ಕಾಗದವನ್ನೂ ತೋರಿಸಬೇಡಿ' ಎಂಬ ಮಾತು ಹಬ್ಬಿದ್ದು ಈ ಕಲಸುಮೇಲೋಗರದಿಂದಲೇ.

ನಮ್ಮದೇ ತಾಲೂಕಿನ ಉದಾಹರಣೆ ಇದೆ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಇರುವವರು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು. ಸರ್ಕಾರವೇ ಕರೆತಂದು ನೆಲೆ ಕೊಟ್ಟಿತು. ಮೂರನೇ ತಲೆಮಾರು ಈಗ ನಮಗಿಂತ ಚೆನ್ನಾಗಿ ಸಿಂಧನೂರಿನ ಕನ್ನಡ ಮಾತಾಡುತ್ತದೆ. ಅಲ್ಲಿ ಪೌರತ್ವದ ಕಾಗದ ಸಿಗದೆ ದಶಕಗಟ್ಟಲೆ ಅಲೆದವರು ಇದ್ದಾರೆ. 2024ರಲ್ಲಿ ಸಿಎಎ ಅಡಿ ಕೆಲವರಿಗೆ ಸಿಕ್ಕಿತು. ಆದರೆ ಕಾಗದ ಸಿಗುವ ತನಕ ಅವರು ಗದ್ದೆ ಮಾಡಲಿಲ್ಲವೇ, ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲವೇ? ಒಂದಾದ ಮೇಲೆ ಒಂದು ಗಣತಿ ಪೌರತ್ವ ವಿಚಾರಿಸದೆ ಅವರ ತಲೆ ಎಣಿಸಿತು. ಅವರ ಪೌರತ್ವದ ಫೈಲು ಅದರ ಪಾಡಿಗೆ ಬೇರೆ ಟೇಬಲ್ಲಿನ ಮೇಲೆ ಕೂತಿತ್ತು. ಫೈಲು ಅಷ್ಟು ವರ್ಷ ಕೂತದ್ದು ತಪ್ಪೇ. ಆದರೆ ಎರಡು ಟೇಬಲ್ಲು ಬೇರೆ ಇದ್ದದ್ದು ಸರಿ.

ದಾರಿ 4: ನಾಗರಿಕರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು

2020ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದರು. ದಾಖಲೆ ಇಲ್ಲದೆ ದೇಶದಲ್ಲಿ ಇರುವವರನ್ನು ಸೀಟು ಹಂಚುವ ಲೆಕ್ಕದಿಂದ ಕಳೆಯಿರಿ ಎಂದು. ಕೇಸಾಯಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇನ್ನೂ ತೀರ್ಮಾನ ಕೊಡುವ ಹೊತ್ತು ಬಂದಿಲ್ಲ ಎಂದು ಬದಿಗಿಟ್ಟಿತು. ಬೈಡನ್ ಅಧಿಕಾರಕ್ಕೆ ಬಂದ ದಿನವೇ ಅದನ್ನು ರದ್ದು ಮಾಡಿದರು. 2025ರ ಆಗಸ್ಟ್‌ನಲ್ಲಿ ಟ್ರಂಪ್ ಮತ್ತೆ ಅದೇ ಮಾತು ಎತ್ತಿದರು, ಈ ಸಲ ಹೊಸ ಗಣತಿಯನ್ನೇ ಮಾಡಿಸುತ್ತೇನೆ ಎಂದು.

ಈ ದಾರಿಗೆ ದೊಡ್ಡ ಅಡ್ಡಿ 1868ರ 14ನೇ ತಿದ್ದುಪಡಿ. ಪ್ರತಿ ರಾಜ್ಯದ ಒಟ್ಟು ವ್ಯಕ್ತಿಗಳನ್ನು ಎಣಿಸಿ ಸೀಟು ಹಂಚಬೇಕು ಎಂದು ಅದು ಹೇಳುತ್ತದೆ. ಅದಕ್ಕೂ ಮುಂಚೆ ಗುಲಾಮರ ಐದರಲ್ಲಿ ಮೂರು ಪಾಲನ್ನು ಮಾತ್ರ ಹಿಡಿಯುತ್ತಿದ್ದರು. ಓಟಿಲ್ಲದ ಮನುಷ್ಯನ ತಲೆ ತೋರಿಸಿ ಅವನ ಒಡೆಯ ಸೀಟು ಪಡೆಯುತ್ತಿದ್ದ. ಆ ಅನ್ಯಾಯ ತಿದ್ದುವಾಗ ಬರೆದ ಸಾಲು ಇವತ್ತು ವಲಸಿಗರ ಜಗಳದ ನಡುವೆ ನಿಂತಿದೆ.

ನಾಗರಿಕರು ಮಾತ್ರ ಸಾಕು ಎನ್ನುವವರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಎರಡು ಕ್ಷೇತ್ರ, ಎರಡರಲ್ಲೂ 20 ಲಕ್ಷ ಜನ ಎಂದುಕೊಳ್ಳಿ. ಒಂದರಲ್ಲಿ 14 ಲಕ್ಷ ಮತದಾರರು, ಇನ್ನೊಂದರಲ್ಲಿ 10 ಲಕ್ಷ. ಎರಡನೇ ಕ್ಷೇತ್ರದವನ ಒಂದು ಓಟು ಜಾಸ್ತಿ ತೂಗುತ್ತದೆ. ಇದು ನ್ಯಾಯವೇ ಎಂದು ಟೆಕ್ಸಾಸಿನ ಇಬ್ಬರು ಮತದಾರರು ಕೋರ್ಟಿಗೆ ಹೋದರು. 2016ರಲ್ಲಿ ಎಂಟೂ ನ್ಯಾಯಮೂರ್ತಿಗಳು, ಒಟ್ಟು ಜನಸಂಖ್ಯೆ ಹಿಡಿದು ಕ್ಷೇತ್ರ ಮಾಡುವುದು ಸರಿ ಎಂದರು. ಮಕ್ಕಳಿಗೆ ಓಟಿಲ್ಲ. ಹಾಗೆಂದು ಮಕ್ಕಳು ಜಾಸ್ತಿ ಇರುವ ಕ್ಷೇತ್ರಕ್ಕೆ ಶಾಲೆ ಕಮ್ಮಿ ಸಾಕು ಎನ್ನಲಾಗುತ್ತದೆಯೇ? ಓಟಿಲ್ಲದವರ ಪರವಾಗಿಯೂ ಶಾಸಕ ಮಾತಾಡಬೇಕಲ್ಲ.

ಇನ್ನು ಲಾಭ ಯಾರಿಗೆ? ಇಲ್ಲಿ ತಮಾಷೆ ಇದೆ. ದಾಖಲೆ ಇಲ್ಲದವರನ್ನು ಕಳೆದರೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲೋರಿಡಾ ಮೂರಕ್ಕೂ ಒಂದೊಂದು ಸೀಟಿನ ನಷ್ಟ ಎಂದು ಪ್ಯೂ ಸಂಶೋಧನಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತ್ತು. ಉಳಿಸಿಕೊಳ್ಳುವವರು ಅಲಬಾಮಾ, ಮಿನ್ನೆಸೋಟ, ಒಹಾಯೊ. ಟೆಕ್ಸಾಸ್, ಫ್ಲೋರಿಡಾ ಎರಡೂ ಟ್ರಂಪ್ ಪಕ್ಷದ ಗಟ್ಟಿ ನೆಲ. ತಮ್ಮ ಸೀಟನ್ನೇ ಕಳೆಯುವ ನಿಯಮಕ್ಕೆ ಅಲ್ಲಿನವರು ಚಪ್ಪಾಳೆ ತಟ್ಟುತ್ತಿದ್ದಾರೆ. 2020ರ ಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಸೀಟು ಕಳೆದುಕೊಂಡಿತು. ಕಮ್ಮಿ ಬಿದ್ದದ್ದು ಎಷ್ಟು ಜನ ಗೊತ್ತಾ? 89. ನಮ್ಮ ಒಂದು ದೊಡ್ಡ ಮಿಲ್ಲಿನ ಹಮಾಲಿಗಳ ಶೆಡ್ಡಿನಲ್ಲಿ ಅಷ್ಟು ಜನ ಸಿಕ್ಕಾರು.

ಇದನ್ನು ಕರ್ನಾಟಕಕ್ಕೆ ತಿರುಗಿಸಿ ನೋಡಿ. ನಮ್ಮಲ್ಲಿ 'ಹೊರಗಿನವರು' ಎಂದು ಬೈಸಿಕೊಳ್ಳುವವರಲ್ಲಿ ಹೆಚ್ಚಿನವರು ಬೇರೆ ರಾಜ್ಯದ ಭಾರತೀಯರು. ಅವರನ್ನು ಇಲ್ಲಿ ಎಣಿಸಿದರೆ ಕರ್ನಾಟಕದ ತಲೆ ಜಾಸ್ತಿ ಆಗುತ್ತದೆ. ಬಿಹಾರದ್ದು ಅಷ್ಟೇ ಕಮ್ಮಿ ಆಗುತ್ತದೆ. ಮಕ್ಕಳು ಕಮ್ಮಿ ಮಾಡಿಕೊಂಡು ಸೀಟು ಕಳೆದುಕೊಳ್ಳುತ್ತೇವೆ ಎಂದು ದಕ್ಷಿಣದವರು ಅಳುತ್ತಿದ್ದಾರೆ. ಅದೇ ಬಾಯಲ್ಲಿ ತೋರಣಗಲ್ಲಿನ ಒಡಿಯಾ ಕಾರ್ಮಿಕನನ್ನು ಎಣಿಸಬೇಡಿ ಎಂದರೆ ಹೇಗೆ? ಈ ಲೆಕ್ಕ ನಮ್ಮ ರಾಜಕಾರಣಿಗಳಿಗೆ ಗೊತ್ತಿಲ್ಲ ಎಂದಲ್ಲ. ವೇದಿಕೆ ಮೇಲೆ ಹೇಳಿದರೆ ಚಪ್ಪಾಳೆ ಬರುವುದಿಲ್ಲ, ಅಷ್ಟೇ.

ಹೊರಗಿನವರು ಎನ್ನುವುದಕ್ಕೂ ನಮ್ಮ ಜಿಲ್ಲೆಗಳಲ್ಲಿ ಗಟ್ಟಿ ಗೆರೆ ಯಾವತ್ತೂ ಇರಲಿಲ್ಲ. 1951ರ ಗಣತಿಯಲ್ಲಿ ಬಳ್ಳಾರಿಯವರು ಮದ್ರಾಸ್ ರಾಜ್ಯದ ಲೆಕ್ಕ. ರಾಯಚೂರು, ಕೊಪ್ಪಳದವರು ಹೈದರಾಬಾದ್ ರಾಜ್ಯದ ಲೆಕ್ಕ. ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಗೆ ಬಂದ ಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದರು. ಆಗಲೂ ಗೊಣಗಾಟ ಇತ್ತು. ಈಗ ಅವರ ಭತ್ತದ ಮೇಲೆ ನಮ್ಮ ಮಿಲ್ಲುಗಳು ನಿಂತಿವೆ.

ಎಣಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ನೋಡಿ. 2014ರ ಗಣತಿಯಲ್ಲಿ ರೋಹಿಂಗ್ಯಾ ಎಂದು ಹೇಳಿಕೊಂಡವರನ್ನು ಬರೆದುಕೊಳ್ಳಲೇ ಇಲ್ಲ. ರಖೈನ್ ರಾಜ್ಯದಲ್ಲಿ ಸುಮಾರು 11 ಲಕ್ಷ ಜನ ಹೀಗೆ ಬಿಟ್ಟುಹೋದರು ಎಂಬುದು ಸರ್ಕಾರದ್ದೇ ಅಂದಾಜು. ಬಿಟ್ಟದ್ದರಿಂದ ಅವರು ಮಾಯವಾಗಲಿಲ್ಲ. ಸರ್ಕಾರದ ಲೆಕ್ಕವೇ ಅಂದಾಜಿಗೆ ಇಳಿಯಿತು.

ದಾರಿ 5: ಮನೆಗೆ ಹೋಗದೆ, ದಾಖಲೆಯಿಂದಲೇ ಎಣಿಸುವುದು

'ಆಧಾರ್ ಇದೆಯಲ್ಲ, ಇನ್ನೂ ಯಾಕೆ ಮೇಷ್ಟ್ರು ಮನೆ ಮನೆ ತಿರುಗಬೇಕು?' ಎನ್ನುವವರಿಗೆ ಒಂದೇ ಉದಾಹರಣೆ ಸಾಕು. ಜರ್ಮನಿಯಲ್ಲಿ ಊರು ಬದಲಿಸಿದರೆ ಕಚೇರಿಗೆ ಹೋಗಿ ಬರೆಸಬೇಕು. ಅಷ್ಟು ಶಿಸ್ತಿನ ದೇಶ 2011ರಲ್ಲಿ ಗಣತಿ ಮಾಡಿ ನೋಡಿದರೆ ಪುಸ್ತಕದಲ್ಲಿ ಇದ್ದುದಕ್ಕಿಂತ 15 ಲಕ್ಷ ಜನ ಕಮ್ಮಿ. ಅದರಲ್ಲಿ ಸುಮಾರು 11 ಲಕ್ಷ ವಿದೇಶಿಯರು. ಬಂದಾಗ ಹೆಸರು ಬರೆಸಿದ್ದರು, ಹೋಗುವಾಗ ಹೇಳದೆ ಹೋಗಿದ್ದರು. ನಮ್ಮ ಆಧಾರ್‌ನಲ್ಲಿ ಗುಳೆ ಹೋದವನ ವಿಳಾಸ ಊರಿನದ್ದೇ ಇರುತ್ತದೆ. ಮಿಲ್ಲಿನ ಹುಡುಗನದು ಬಿಹಾರದ್ದು. ಅಲೆದಾಡುವ ಜನರನ್ನು ಎಣಿಸಲು ಕೂತಲ್ಲೇ ಕೂತಿರುವ ಕಾಗದ ಕೆಲಸಕ್ಕೆ ಬಾರದು.

ಯಾರಿಗೆ ಯಾವುದು

ದೇಶದ ನಿಯಮವಾಗಿ ಆರಿಸು ಎಂದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಇದ್ದವರನ್ನೆಲ್ಲ, ಇದ್ದಲ್ಲೇ. ಜೊತೆಗೆ ಎರಡನೇ ದಾರಿಯಿಂದ ಒಂದು ಪ್ರಶ್ನೆ ಎರವಲು: ವರ್ಷದಲ್ಲಿ ಎಷ್ಟು ತಿಂಗಳು ಬೇರೆ ಕಡೆ ಇರುತ್ತೀರಿ? ಗುಳೆಯ ನಿಜವಾದ ಅಳತೆ ಅದರಿಂದ ಸಿಗುತ್ತದೆ.

ಗಡಿ ರಾಜ್ಯದವರು ಇದನ್ನು ಒಪ್ಪಲಿಕ್ಕಿಲ್ಲ. ಅಸ್ಸಾಮಿನವರ ಆತಂಕ ಸಿಂಧನೂರಿನಲ್ಲಿ ಕೂತು ಅಳೆಯುವಂಥದ್ದಲ್ಲ. ಪೌರತ್ವ ಪರೀಕ್ಷಿಸಲೇಬೇಕೆಂದರೆ ಅದನ್ನು ಅದಕ್ಕೆಂದೇ ಇರುವ ಕಾಯ್ದೆಯಡಿ, ಬೇರೆ ಕಚೇರಿ, ಬೇರೆ ಸಿಬ್ಬಂದಿ, ಅಪೀಲಿಗೆ ಅವಕಾಶ ಇಟ್ಟು ಮಾಡಲಿ. ಶಾಲೆಯ ಮೇಷ್ಟ್ರ ಕೈಗೆ ಅದನ್ನು ಕೊಡಬೇಡಿ. ನಾಳೆ ಅದೇ ಮೇಷ್ಟ್ರು ಅದೇ ಓಣಿಗೆ ಮಕ್ಕಳನ್ನು ಶಾಲೆಗೆ ಕರೆಯಲು ಹೋಗಬೇಕು.

ಸೀಟಿನ ಲೆಕ್ಕಕ್ಕೆ ನಾಗರಿಕರೇ ಆಧಾರವಾಗಬೇಕು ಎನ್ನುವವರು ಸಂವಿಧಾನ ತಿದ್ದುಪಡಿ ಕೇಳಬೇಕು. ಗಣತಿಯ ಫಾರಂ ತಿದ್ದಿ ಹಿಂಬಾಗಿಲಿಂದ ತರುವುದು ಬೇಡ. ಅಮೆರಿಕದಲ್ಲಿ 1920ರ ಗಣತಿಯಾದ ಮೇಲೆ ಹಳ್ಳಿ ಕಡೆಯ ಸಂಸದರು ನಗರ ಮತ್ತು ವಲಸಿಗರ ಸಂಖ್ಯೆ ನೋಡಿ ಗಾಬರಿಯಾದರು. ಇಡೀ ದಶಕ ಸೀಟು ಮರುಹಂಚಿಕೆಯೇ ಆಗಲಿಲ್ಲ. ನಮ್ಮಲ್ಲಿ 1971ರ ಲೆಕ್ಕ ಹಿಡಿದು ಕೂತದ್ದು ಅರ್ಧ ಶತಮಾನ. ಎಣಿಸಿದ್ದನ್ನು ಒಪ್ಪದೆ ಮುಂದೂಡುವುದರಲ್ಲಿ ಅವರಿಗಿಂತ ನಾವೇ ಮುಂದೆ.

ಇನ್ನು ನಮ್ಮ ನಮ್ಮ ಮನೆ ಮಟ್ಟದ ಆಯ್ಕೆ.

ಗುಳೆ ಹೋಗುವ ಮನೆಯವರು: ಎಲ್ಲಿ ಎಣಿಸಿಕೊಳ್ಳಬೇಕು ಎಂಬುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ನಿಯಮದ್ದು. 2011ರ ನಿಯಮವೇ ಮುಂದುವರಿದರೆ, ಎಣಿಕೆಯ ಅವಧಿಯಲ್ಲಿ ಕೆಲವು ದಿನ ಊರಿನ ಮನೆಯಲ್ಲಿ ಇದ್ದು ಹೋದವರು ಊರಲ್ಲೇ ಬರೆಸಬಹುದು. ಪೂರ್ತಿ ಹೊರಗೆ ಇರುವವರು ಅಲ್ಲಿಯೇ ಬರೆಸಬೇಕು. ಅಜ್ಜಿ ಊರಲ್ಲಿ 'ಎಲ್ಲರೂ ಇಲ್ಲೇ ಅದಾರ' ಎಂದು ಬರೆಸಿ, ಮಗ ಬೆಂಗಳೂರಿನಲ್ಲೂ ಬರೆಸಿದರೆ ಎರಡು ಲೆಕ್ಕ. ಹೆಸರು ಬರೆಸದಿದ್ದರೆ ರೇಷನ್ ಕಾರ್ಡು ಹೋಗುತ್ತದೆ ಎಂಬ ಭಯದಿಂದ ಹೀಗೆ ಮಾಡುತ್ತಾರೆ. ಗಣತಿಯ ಪುಸ್ತಕ ನೋಡಿ ಒಬ್ಬರ ಕಾರ್ಡು ಕಿತ್ತುಕೊಳ್ಳಲು ಕಾಯ್ದೆ ಬಿಡುವುದಿಲ್ಲ. ಮಗನಿಗೆ ಒಂದು ಫೋನು ಮಾಡಿ 'ಅಲ್ಲಿ ಬರೆದುಕೊಂಡರಾ?' ಎಂದು ಕೇಳಿ, ಸಾಕು.

ಮಿಲ್ಲು, ಕಾರ್ಖಾನೆ, ಗುತ್ತಿಗೆದಾರರು: ನಿಮ್ಮಲ್ಲಿ ಇರುವ ಕಾರ್ಮಿಕರ ಸಂಖ್ಯೆ ಜಾಸ್ತಿ ಕಂಡರೆ ಪಿಎಫ್‌ನವರು, ಕಾರ್ಮಿಕ ಇಲಾಖೆಯವರು ಬರುತ್ತಾರೆ ಎಂಬ ಹಿಂಜರಿಕೆ ಇರುತ್ತದೆ. 15ನೇ ಕಲಂ ನಿಮಗೂ ಅನ್ವಯ. ಗೇಟಿನಲ್ಲೇ 'ಇಲ್ಲಿ ಯಾರೂ ಇರೋದಿಲ್ಲ' ಎಂದು ಗಣತಿದಾರರನ್ನು ವಾಪಸ್ ಕಳಿಸಬೇಡಿ. ಉತ್ತರ ಕೊಡದಿರುವುದು, ಅಡ್ಡಿ ಮಾಡುವುದು ಎರಡಕ್ಕೂ ಅದೇ ಕಾಯ್ದೆಯಲ್ಲಿ ದಂಡ ಇದೆ. ಹಿಂದಿ ಬರುವ ಮೇಸ್ತ್ರಿಯೊಬ್ಬನನ್ನು ಆ ದಿನ ಜೊತೆಗೆ ಕೊಟ್ಟರೆ ಅರ್ಧ ಕೆಲಸ ಹಗುರ.

ರೂಮು ಬಾಡಿಗೆಗೆ ಕೊಟ್ಟವರು: ಒಂದು ಮೀಟರ್ ಅಂದರೆ ಒಂದು ಮನೆ ಎಂದುಕೊಳ್ಳಬೇಡಿ. 2025ರಲ್ಲಿ ರಾಜ್ಯ ಸರ್ಕಾರದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಕರೆಂಟ್ ಮೀಟರ್ ಹಿಡಿದು ಮನೆ ಗುರುತಿಸಿತ್ತು. ಮಹಡಿ ಮೇಲೆ ಒಂದೇ ಮೀಟರ್‌ಗೆ ನಾಲ್ಕು ರೂಮು ಇದ್ದರೆ ನೀವೇ ಕರೆದು ತೋರಿಸಬೇಕಾಗುತ್ತದೆ. ರಾಷ್ಟ್ರೀಯ ಗಣತಿಯಲ್ಲಿ ಅಡುಗೆ ಒಲೆ ಬೇರೆ ಇದ್ದರೆ ಕುಟುಂಬವೂ ಬೇರೆ.

ಕ್ಯಾಂಪಿನವರು, ಕಾಗದ ಅರ್ಧಂಬರ್ಧ ಇರುವವರು: ಗಣತಿದಾರರು ಕಾಗದ ಕೇಳುವುದಿಲ್ಲ. ನೀವು ಹೇಳಿದ್ದನ್ನು ಬರೆದುಕೊಳ್ಳಬೇಕು. ಹುಟ್ಟಿದ ಊರು ಕೇಳಿದರೆ ಇದ್ದದ್ದನ್ನೇ ಹೇಳಿ. ಯಾರಾದರೂ ಆಧಾರ್ ನಕಲು, ಬೆರಳಚ್ಚು, ಪೌರತ್ವದ ದಾಖಲೆ ಕೇಳಿದರೆ ಮಾತ್ರ ನಿಲ್ಲಿಸಿ, ಇದು ಯಾವ ಕಾಯ್ದೆಯ ಕೆಲಸ ಎಂದು ಕೇಳಿ. ಗುರುತಿನ ಚೀಟಿ ನೋಡಿ. ಅನುಮಾನ ಬಂದರೆ ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ತಾಲೂಕಿನ ಗಣತಿಯ ಜವಾಬ್ದಾರಿ ಸಾಮಾನ್ಯವಾಗಿ ಅವರದ್ದೇ.

ಗ್ರಾಮ ಪಂಚಾಯ್ತಿ ಸದಸ್ಯರು ಮಾಡಬಹುದಾದ್ದು ಎಲ್ಲಕ್ಕಿಂತ ಜಾಸ್ತಿ. ಜನವರಿಯಲ್ಲೇ ಓಣಿವಾರು ಒಂದು ಪಟ್ಟಿ ಮಾಡಿಟ್ಟುಕೊಳ್ಳಿ: ಯಾವ ಮನೆಗೆ ಬೀಗ, ಯಾರು ಯಾವ ಊರಿಗೆ, ಯಾವ ಮೇಸ್ತ್ರಿಯ ಜೊತೆ ಹೋಗಿದ್ದಾರೆ. ಬೀಗ ಕಂಡ ಕೂಡಲೆ ಗಣತಿದಾರರು ಮುಂದೆ ಹೋಗದಂತೆ ಆ ಪಟ್ಟಿ ತೋರಿಸಿ. ಊರಿಗೆ ಕುರಿ ಹಿಂಡು ಹೊಡೆದುಕೊಂಡು ಬಂದವರು, ಕಬ್ಬು ಕಡಿಯಲು ಬಂದು ಹೊಲದಲ್ಲೇ ಗುಡಿಸಲು ಹಾಕಿದವರು ಇದ್ದರೆ ಅವರ ಜಾಗವನ್ನೂ ಅದರಲ್ಲೇ ಬರೆದಿಡಿ. ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸಲು ಹೊರಡುವವರ ಜೊತೆ ಊರು ಬಲ್ಲ ಒಬ್ಬ ಹುಡುಗನನ್ನು ಬೈಕ್ ಸಮೇತ ಕಳಿಸಿ.